ಎಂಟು ಅಕ್ಷರ

ಅವರ ಕತ್ತು ಸದಾ ಮುಂದಕ್ಕೆ ಬಾಗಿರುತ್ತಿತ್ತು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕ್ರೇನ್ ಮೇಲೆ ಕೂತು ವರ್ಷಗಟ್ಟಲೆ ಕೆಳಗೇ ನೋಡಿದ ಕತ್ತು. ಚೆಸ್ ಕಾಯಿಯನ್ನೂ ಕ್ರೇನಿನಂತೆಯೇ ನೆಟ್ಟಗೆ ಎತ್ತಿ, ಗಾಳಿಯಲ್ಲಿ ಸಾಗಿಸಿ, ಸದ್ದಿಲ್ಲದೆ ಇಳಿಸುತ್ತಿದ್ದರು. ನಮಗೆಲ್ಲ ಕ್ರೇನಣ್ಣ.

ನನ್ನ ವೆಲ್ಡಿಂಗ್ ಶೆಡ್ಡಿಗೆ ಗೇಟು ಮಾಡಿಸಲು ಬಂದವರು ನನಗೆ ಆಟ ಹತ್ತಿಸಿದರು. ಕೂತಲ್ಲಿ ಕೂರುವ ಜನ್ಮವಲ್ಲ ನನ್ನದು.

"ಇರುವೆ ಗೂಡಿನ ಮೇಲೆ ಕೂತಂಗೆ ಆಡ್ತೀಯಲ್ಲೋ ಮಾರಾಯ. ಮೊದ್ಲು ಮಂತ್ರಿ ಮುಂದಿನ ಸಿಪಾಯಿನ ಎರಡು ಮನೆ ನಡೆಸು, ಆಮೇಲೆ ಕುಣಿ."

ತೊಂಬತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗದ ವಿದ್ಯಾನಗರದಲ್ಲೊಂದು ಟೂರ್ನಮೆಂಟ್. ಪ್ರತಿ ನಡೆಯನ್ನೂ, ಕಾಯಿ ಇಟ್ಟ ಮನೆಯ ಇಂಗ್ಲಿಷ್ ಅಕ್ಷರ, ಅಂಕಿ ಹಾಕಿ ಹಾಳೆಯಲ್ಲಿ ಬರೆಯಬೇಕು. "ಬರಿಯೋಕೆ ಬರ್ತದೇನೋ?" ಎಂದು ಕ್ರೇನಣ್ಣ ಕೇಳಿದರು. "ಬರ್ತದೆ" ಎಂದೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದರಲ್ಲಿ. ನೋಡಿ ಕಲಿತಿದ್ದು ಆ ಮೊದಲ ನಡೆ 'ಡಿ ಫೋರ್' ಮಾತ್ರ.

ಕೊನೆಯ ಆಟ ಕಾಲೇಜು ಲೆಕ್ಚರರೊಬ್ಬರ ಜೊತೆ. ಡ್ರಾ ಆದರೂ ಟ್ರೋಫಿ ನನ್ನದೇ. ಅದಕ್ಕೊಂದು ಸ್ಟ್ಯಾಂಡ್ ಆಗಲೇ ಬೆಸೆದಿಟ್ಟಿದ್ದೆ. ಮೊದಲ ಸಾಲು ಸರಿಯಾಗಿ ಬರೆದೆ. ಮುಂದಿನದೆಲ್ಲ ಎಡಗೈ ಮರೆಯಲ್ಲಿ ಬರೀ ಗೀಚಾಟ. ಕೊನೆಗೆ ಒಂದು ಆನೆ ಕಳೆದುಕೊಂಡೆ. ಮಂತ್ರಿಯಿಂದ ಚೆಕ್ ಕೊಡುತ್ತ ಕೊಡುತ್ತ ಕಾಯಿಗಳ ಅದೇ ಸ್ಥಿತಿ ಮೂರನೇ ಸಲ ಬಂತು. ನಿಯಮದ ಪ್ರಕಾರ ಡ್ರಾ. ಕೇಳಿದೆ.

"ಎರಡೇ ಸಲ ಬಂದಿದ್ದು" ಎಂದರು ಲೆಕ್ಚರರು. ಗಡಿಯಾರದ ಅವಸರದಲ್ಲಿ ಅವರು ಬರೆಯುವುದನ್ನು ಬಿಟ್ಟಿದ್ದರು. ತೀರ್ಪುಗಾರರು ನನ್ನ ಹಾಳೆ ಎತ್ತಿ ನೋಡಿದರು.

"ಏನ್ರೀ ಇದು? ಆಟ ಮುಂದುವರ್ಸಿ."

ಮುಖವೆಲ್ಲ ಉರಿಯಿತು. ಮಂತ್ರಿಯನ್ನು ಎಲ್ಲೋ ಇಟ್ಟೆ, ನಾಲ್ಕೇ ನಡೆಗೆ ಸೋತೆ.

ಬಸ್ಸಿನಲ್ಲಿ ಕ್ರೇನಣ್ಣ ಬೈಯಲಿಲ್ಲ. ಅದೇ ಹಾಳೆಯ ಹಿಂದೆ ಇಂಗ್ಲಿಷಿನ ಎ ಇಂದ ಎಚ್ ತನಕ, ಹಲಗೆಯ ಎಂಟು ಸಾಲಿಗೆ ಎಂಟು ಅಕ್ಷರ ಬರೆದು ನನ್ನ ತೊಡೆಯ ಮೇಲಿಟ್ಟರು. "ಇಷ್ಟೇ ಮಾರಾಯ. ಕಬ್ಬಿಣ ಕರಗಿಸ್ತೀಯ, ಎಂಟು ಅಕ್ಷರಕ್ಕೆ ಅಂಜ್ತೀಯ? ನಾನು ಹೇಳ್ತೀನಿ, ನೀನು ಬರಿ."

ನನ್ನ ಹಿಂದೆಯೇ ನಿಂತು ನೋಡಿದ ಆಟ ಪೂರ್ತಿ ಅವರ ತಲೆಯಲ್ಲಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು ಓಡಿಬಿಡೋಣ ಅನ್ನಿಸಿತು. ಆದರೂ ಬರೆದೆ. ಭದ್ರಾವತಿ ಬಂದರೂ ಮುಗಿಯಲಿಲ್ಲ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರಿಸಿ ಬರೆಸಿದರು. ಅವರ ಬೆರಳು ಒಂದು ಸಾಲಿನಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹೋಯಿತು.

"ಮೂರು ಸಲ ಬಂದಿದೆ. ನೀನು ಹೇಳಿದ್ದು ಸರಿ ಇತ್ತು ಕಣೋ."

"ಅಲ್ಲೇ ಹೇಳ್ಬಹುದಿತ್ತಲ್ಲ ಅಣ್ಣಾ?"

"ನಿಂತು ನೋಡೋರು ಬಾಯಿ ಬಿಡಂಗಿಲ್ಲ. ಆಡೋನು ನೀನು."

ಕ್ರೇನಣ್ಣ ತೀರಿಕೊಂಡು ವರ್ಷಗಳಾದವು. ಟ್ರೋಫಿಗೆಂದು ಬೆಸೆದ ಸ್ಟ್ಯಾಂಡಿನಲ್ಲಿ ಈಗ ಪೆನ್ಸಿಲುಗಳಿವೆ. ಗಿರಾಕಿ ಅಳತೆ ಹೇಳಲು ಬಾಯಿ ತೆರೆದರೆ ನನ್ನ ಕೈ ತಾನಾಗಿಯೇ ಅತ್ತ ಹೋಗುತ್ತದೆ. ಕಾಲು ಮಾತ್ರ ಇನ್ನೂ ಕುಣಿಯುತ್ತಲೇ ಇದೆ.