ನಾಲ್ಕನೆಯ ಸಲ ಕಟ್ಟಿದ ಚೀಲ

ದೊಡ್ಡಲಕ್ಷ್ಮಮ್ಮ ತನ್ನ ಐವತ್ನಾಲ್ಕು ವರ್ಷದಲ್ಲಿ ಮೂರು ಸಲ ಪ್ರವಾಸಕ್ಕೆಂದು ಚೀಲ ಕಟ್ಟಿದ್ದಳು. ಮೂರು ಸಲವೂ ಹೊಸಿಲು ದಾಟುವ ಮೊದಲೇ ಬಿಚ್ಚಿದ್ದಳು.

ಮೊದಲನೆಯದು ಏಳನೇ ಕ್ಲಾಸಿನಲ್ಲಿದ್ದಾಗ. ಮಾಗಡಿ ತಾಲ್ಲೂಕಿನಲ್ಲಿ ಕೆಂಪಾಪುರದ ಮಗ್ಗುಲ ಹಳ್ಳಿ ಅವಳ ತವರು. ಸ್ಕೂಲಿನವರು ಬೇಲೂರು, ಹಳೇಬೀಡು ತೋರಿಸುತ್ತೇವೆ ಅಂದಿದ್ದರು. ಹುಡುಗಿ ಎರಡು ಲಂಗ, ಒಂದು ಟವಲು, ಒಂದು ಪೊಟ್ಟಣ ಹುರಿಗಡಲೆಯನ್ನು ಅಪ್ಪನ ಖಾಕಿ ಚೀಲಕ್ಕೆ ತುಂಬಿ ತಲೆದೆಸೆಯಲ್ಲಿಟ್ಟುಕೊಂಡು ಮಲಗಿದ್ದಳು. ಬೆಳಿಗ್ಗೆ ನೋಡಿದರೆ ಮನೆಯ ರೇಷ್ಮೆ ಹುಳು ಹಣ್ಣಾಗಿತ್ತು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಮನೆಯಲ್ಲಿರುವ ಅಷ್ಟೂ ಕೈ ಬೇಕು. ಸ್ಕೂಲಿನ ಬಸ್ಸು ಊರ ಮುಂದೆ ಹಾರ್ನ್ ಹೊಡೆದು ಹೋದ ಸದ್ದನ್ನು ಅವಳು ಚಂದ್ರಿಕೆಯ ಮುಂದೆ ಕೂತು ಕೇಳಿದಳು.

ಎರಡನೆಯದು ಮದುವೆಯಾದ ಹೊಸತರಲ್ಲಿ. ಗಂಡ ವೆಂಕಟಯ್ಯ ಕನ್ಯಾಕುಮಾರಿಗೆ ಟಿಕೆಟ್ ತೆಗೆಸಿದ್ದ. ಟ್ರಂಕಿನ ತುಂಬ ಬಟ್ಟೆ ಇಟ್ಟು ಬೀಗ ಹಾಕಿದ ದಿನವೇ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮೂರನೆಯದು ಎರಡು ಸಾವಿರದ ಇಪ್ಪತ್ತರ ಮಾರ್ಚ್‌ನಲ್ಲಿ. ಗೋವಾಕ್ಕೆಂದು ಕಟ್ಟಿದ ಬ್ಯಾಗು ಬೀರುವಿನ ಮೇಲೆ ಎರಡು ತಿಂಗಳು ಕೂತಿತ್ತು. ಲಾಕ್‌ಡೌನ್ ಮುಗಿಯುವ ಹೊತ್ತಿಗೆ ಅದರೊಳಗಿನ ಚಕ್ಕುಲಿ ಕಮಟಾಗಿತ್ತು.

ಹೀಗೆ ಊರು ಬಿಟ್ಟು ಹೋಗದ ಈ ಹೆಂಗಸಿನ ಕಸುಬೇ ಪ್ಯಾಕಿಂಗ್. ಚನ್ನಪಟ್ಟಣದ ಹನುಮಂತಯ್ಯನವರ ಬೊಂಬೆ ಕಾರ್ಖಾನೆಗೆ ಸೇರಿದಾಗ ಅವಳಿಗೆ ಇಪ್ಪತ್ತೆಂಟು. ಅರಗಿನ ಬಣ್ಣ ಹಾಕಿದ ಬುಗುರಿ, ಗಿಲಕಿ, ಗಾಲಿ ಆನೆಗಳನ್ನು ಡಬ್ಬಕ್ಕೆ ತುಂಬುವುದು ಅವಳ ಕೆಲಸ. ಮೊದಲ ದಿನವೇ ಹನುಮಂತಯ್ಯ ಒಂದು ಡಬ್ಬವನ್ನು ಅವಳ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದರು. "ಒಳಗೆ ಸದ್ದು ಬಂತಾ? ಬಂದ್ರೆ ಅದು ಪ್ಯಾಕಿಂಗ್ ಅಲ್ಲ ಕಣಮ್ಮ, ತುರುಕಿರೋದು." ಆ ಮಾತನ್ನು ಅವಳು ಮರೆಯಲಿಲ್ಲ. ದೊಡ್ಡದರ ಹೊಟ್ಟೆಯಲ್ಲಿ ಚಿಕ್ಕದು, ಸಂದಿಗೆ ಕಾಗದ, ಭಾರದ್ದು ತಳಕ್ಕೆ. ವರ್ಷಗಳು ಕಳೆದಂತೆ ಡಬ್ಬವನ್ನು ಒಮ್ಮೆ ಎತ್ತಿ ಇಳಿಸಿದರೆ ಸಾಕು, ತೂಕ ಹೇಳಿಬಿಡುತ್ತಿದ್ದಳು. ತಕ್ಕಡಿಯ ಮುಳ್ಳು ಅವಳ ಮಾತಿನಿಂದ ನೂರು ಗ್ರಾಂ ಆಚೀಚೆ ಆಗುತ್ತಿದ್ದುದು ಅಪರೂಪ.

ಕಳೆದ ವರ್ಷ ಕಾರ್ಖಾನೆಯ ಎಂಟು ಜನ ಹೆಂಗಸರು ಸೇರಿ ಹಿಮ ನೋಡಲು ಹೋಗುವುದೆಂದು ತೀರ್ಮಾನಿಸಿದರು. ಶುರು ಮಾಡಿದವಳು ಬಣ್ಣ ಹಾಕುವ ಇಸ್ಮತ್. "ಫ್ರಿಜ್ಜಲ್ಲಿರೋ ಐಸ್ ಬಿಟ್ಟು ಬೇರೆ ಐಸ್ ನೋಡಿಲ್ಲ ಅಕ್ಕಾ ನಾನು," ಅಂದಿದ್ದೇ ಎಲ್ಲರಿಗೂ ಆಸೆ ಹತ್ತಿಕೊಂಡಿತು. ರಾಮನಗರದಲ್ಲಿ ಟೂರ್ ನಡೆಸುವ ದೇವರಾಜ ಬಂದು ಎಲ್ಲವನ್ನೂ ಹೊಂದಿಸಿದ. ಫೆಬ್ರವರಿಯಲ್ಲಿ ಆರು ದಿನ ಶಿಮ್ಲಾ. ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನ, ಅಲ್ಲಿಂದ ಮೇಲಕ್ಕೆ ವ್ಯಾನು. ಹೊರಡುವ ಮೊದಲು ಎಲ್ಲರಿಗೂ ಒಂದೊಂದು ಹಾಳೆ ಹಂಚಿದ: ಸ್ವೆಟರು, ಕಾಲುಚೀಲ, ಶೂ, ಔಷಧಿ, ಆಧಾರ್ ಕಾರ್ಡು. ಕೆಳಗೆ ದಪ್ಪ ಅಕ್ಷರದಲ್ಲಿ, ದೊಡ್ಡ ಬ್ಯಾಗು ಹದಿನೈದು ಕೆಜಿ ಮೀರುವಂತಿಲ್ಲ, ಕೈಬ್ಯಾಗು ಏಳು.

"ನಾನೊಂದ್ಸಲ ಎಲ್ಲಾರ ಬ್ಯಾಗೂ ನೋಡ್ಲಾ?" ಎಂದು ದೊಡ್ಡಲಕ್ಷ್ಮಮ್ಮ ಕೇಳಿದಳು.

"ಬುಡಕ್ಕ, ಬಟ್ಟೆ ತುಂಬಕ್ಕೂ ಟ್ರೈನಿಂಗ್ ಬೇಕಾ?" ಎಂದಳು ಪಾಲಿಷ್ ವಿಭಾಗದ ಸೌಮ್ಯ. ಎಲ್ಲರೂ ನಕ್ಕರು. ದೇವರಾಜನೂ ನಕ್ಕ. "ಅಮ್ಮಾ, ಹಾಳೇಲಿ ಬರ್ದಿರೋದನ್ನ ಹಾಕಿದ್ರೆ ಆಯ್ತು. ಇದೇನು ಬೊಂಬೆ ಪಾರ್ಸಲ್ಲಾ?"

ದೊಡ್ಡಲಕ್ಷ್ಮಮ್ಮ ತನ್ನ ಹಾಳೆಯನ್ನು ಮಡಿಸಿ ಸೆರಗಿಗೆ ಕಟ್ಟಿಕೊಂಡಳು. ಮನೆಗೆ ಬಂದು ಚಾಪೆಯ ಮೇಲೆ ತನಗೆ ಬೇಕೆನಿಸಿದ್ದನ್ನೆಲ್ಲ ಹರವಿದಳು. ನಂತರ ಒಂದೊಂದನ್ನೇ ಎತ್ತಿ, ಇದರಿಂದ ಎರಡು ಕೆಲಸ ಆಗುತ್ತದೆಯೇ ಎಂದು ಯೋಚಿಸಿದಳು. ಉಣ್ಣೆಯ ಶಾಲು ಹೊದೆಯಲು ಆಯಿತು, ಮಡಿಸಿದರೆ ದಿಂಬೂ ಆಯಿತು, ಇರಲಿ. ರೇಷ್ಮೆ ಸೀರೆ ನೋಡುವವರ ಕಣ್ಣಿಗೆ ಮಾತ್ರ, ಬೇಡ. ಅರ್ಧ ಸಾಮಾನು ಬೀರುವಿಗೆ ವಾಪಸ್ಸು ಹೋಯಿತು. ಉಳಿದ ಸೀರೆಗಳನ್ನು ಮಡಿಸುವ ಬದಲು ಬಿಗಿಯಾಗಿ ಸುತ್ತಿದಳು. ಮಾತ್ರೆಗಳನ್ನೂ ಒಂದು ಜೊತೆ ಒಳಬಟ್ಟೆಯನ್ನೂ ಕೈಬ್ಯಾಗಿಗೆ ಹಾಕಿದಳು; ದೊಡ್ಡ ಬ್ಯಾಗು ದಾರಿಯಲ್ಲಿ ತಪ್ಪಿಹೋದರೂ ಒಂದು ದಿನ ದೂಡಬಹುದು. ಹುಟ್ಟಿದ ಮೇಲೆ ಮೊದಲ ಸಲ ಶೂ ಕೊಂಡಿದ್ದಳು. ಹೊಸ ಶೂ ಹಿಮ್ಮಡಿ ಕಡಿಯುತ್ತದೆಂದು ಒಂದು ವಾರ ಸೀರೆಯ ಮೇಲೇ ಅದನ್ನು ತೊಟ್ಟು ತಾರಸಿಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದಳು. ಪಕ್ಕದ ಮನೆಯವರು ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಬಂದು ನೋಡಿ ಹೋದರು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ವೆಂಕಟಯ್ಯ ಏಳಲಿಲ್ಲ. ಹಣೆ ಮುಟ್ಟಿದರೆ ಸುಡುತ್ತಿತ್ತು. ಥರ್ಮಾಮೀಟರು ನೂರ ಒಂದು ತೋರಿಸಿತು. ದೊಡ್ಡಲಕ್ಷ್ಮಮ್ಮನಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಇದು ಅವಳಿಗೆ ಗೊತ್ತಿದ್ದ ದಾರಿ. ಗಂಡನಿಗೆ ಗಂಜಿ ಕುಡಿಸಿ, ಮಾತ್ರೆ ಕೊಟ್ಟು, ನಡುಮನೆಗೆ ಹೋಗಿ ಬ್ಯಾಗಿನ ಜಿಪ್ಪು ಎಳೆದಳು. ಸ್ವೆಟರು ತೆಗೆದಳು. ಶಾಲು ತೆಗೆದಳು.

ಗೋಡೆ ಹಿಡಿದುಕೊಂಡು ವೆಂಕಟಯ್ಯ ಬಾಗಿಲಿಗೆ ಬಂದು ನಿಂತ. "ಏನಮ್ಮೀ ಮಾಡ್ತಿದ್ದೀಯ?"

"ಕಾಣಕ್ಕಿಲ್ವಾ? ಬಿಚ್ತಾ ಇವ್ನಿ."

"ಯಾಕೆ?"

"ನಿಮ್ಮ ಇಂಗೆ ಬುಟ್ಬುಟ್ಟು ಎಂಗೋಗ್ಲಿ? ನನ್ ಅಣೇಬರಾನೇ ಇಷ್ಟು."

ವೆಂಕಟಯ್ಯ ಬಂದು ಚಾಪೆಯ ಮೇಲೆ ದೊಪ್ಪನೆ ಕೂತ. "ಅಣೇಬರ ಅಲ್ಲ, ಜರ. ಮೂರು ದಿನಕ್ಕೆ ಓಯ್ತದೆ. ಮಾತ್ರೆ ನುಂಗಕ್ಕೆ ನಂಗೆ ಬಾಯಿಲ್ವಾ? ಗಂಜಿ ಕಾಯ್ಸಕ್ಕೆ ಕೈಯಿಲ್ವಾ? ನಮ್ಮವ್ವ ಬಿದ್ದಾಗ ನೀನೇ ಉಳ್ಕಂಡೆ. ನಾ ಉಳ್ಕಬೋದಾಗಿತ್ತು, ಆಗ ನಂಗೆ ತೋಚ್ಲಿಲ್ಲ. ಈಗ್ಲೂ ನೀನು ಉಳ್ಕಂಡ್ರೆ ನಾನು ಮನ್ಸ ಅಲ್ಲ."

ಹೇಳುತ್ತಲೇ ಅವನು ಶಾಲನ್ನು ಉಂಡೆ ಮಾಡಿ ಬ್ಯಾಗಿಗೆ ತುರುಕಿದ. ಅದರ ಮೇಲೆ ಸ್ವೆಟರನ್ನೂ ತುರುಕಿ ಅಂಗೈಯಿಂದ ಅದುಮಿದ.

"ಅಯ್ಯೋ, ಅಂಗಲ್ಲ! ಬುಡಿ ಇಲ್ಲಿ," ಎಂದು ದೊಡ್ಡಲಕ್ಷ್ಮಮ್ಮ ಅವನ ಕೈ ತಳ್ಳಿದಳು. ಎರಡನ್ನೂ ಹೊರಗೆಳೆದು, ಕೊಡವಿ, ಸುತ್ತಿ, ಜಾಗಕ್ಕಿಟ್ಟಳು. ಜಿಪ್ಪು ಮುಚ್ಚಿದ ಮೇಲೆ ಗಂಡನ ಕಡೆ ನೋಡಿದಳು. ಜ್ವರದ ಕಣ್ಣಲ್ಲೇ ಅವನು ನಗುತ್ತಿದ್ದ. ಕನಕಪುರದಲ್ಲಿದ್ದ ಮಗಳು ಚೈತ್ರಾಗೆ ಫೋನ್ ಹೋಯಿತು. ಸಂಜೆಯ ಬಸ್ಸಿಗೆ ಅವಳು ಬಂದಳು. ಮಾರನೆಯ ಬೆಳಿಗ್ಗೆ ಏಳಕ್ಕೆ ಟೆಂಪೊ ಬಂದಾಗ ದೊಡ್ಡಲಕ್ಷ್ಮಮ್ಮ ಬ್ಯಾಗು ಎತ್ತಿಕೊಂಡು ಹೊಸಿಲು ದಾಟಿದಳು. ದಾಟಿದವಳು ಹಿಂದಿರುಗಿ ನೋಡಿದರೆ ಎಲ್ಲಿ ಕಾಲು ತಡೆಯುತ್ತದೋ ಎಂದು ನೆಟ್ಟಗೆ ಹೋಗಿ ಸೀಟಿನಲ್ಲಿ ಕೂತಳು.

ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಹಾಡು ಹೇಳಿಕೊಂಡು ವಿಮಾನ ನಿಲ್ದಾಣ ಮುಟ್ಟಿದರು. ಅಲ್ಲಿಯ ಕೌಂಟರಿನಲ್ಲಿ ಹಾಡು ನಿಂತಿತು. ಸೌಮ್ಯಳ ಬ್ಯಾಗು ಇಪ್ಪತ್ತು ಕೆಜಿ ತೋರಿಸಿತು. ಕೆಂಚಮ್ಮ ಎಂಬ ಹಿರಿಯಳದು ಹತ್ತೊಂಬತ್ತೂವರೆ. ಇಸ್ಮತ್‌ಳದು ಹದಿನೆಂಟು, ಅದರಲ್ಲಿ ಕೊಬ್ಬರಿ ಬೇರೆ ಇತ್ತು. "ಒಣಕೊಬ್ಬರಿ ಬಿಡಲ್ಲ, ತೆಗೀಬೇಕು. ತೂಕ ಜಾಸ್ತಿ ಇರೋದಕ್ಕೆ ದುಡ್ಡು ಕಟ್ಟಬೇಕು," ಎಂದಳು ಕೌಂಟರಿನ ಹುಡುಗಿ. ಟಿಕೆಟುಗಳನ್ನು ಬೇರೆ ಬೇರೆ ಮಾಡಿಸಿದ್ದರಿಂದ ಒಬ್ಬರ ಹೆಚ್ಚನ್ನು ಇನ್ನೊಬ್ಬರ ಕಡಿಮೆಗೆ ಸೇರಿಸಲು ಬರುತ್ತಿರಲಿಲ್ಲ. ಕೌಂಟರು ಮುಚ್ಚಲು ನಲವತ್ತು ನಿಮಿಷ ಉಳಿದಿತ್ತು.

ದೇವರಾಜನ ಮುಖ ಬೆವರಿತು. "ಜಾಸ್ತಿ ಇರೋದನ್ನೆಲ್ಲ ಇಲ್ಲೇ ಬಿಟ್ಟು ನಡೀರಿ, ಬೇರೆ ದಾರಿ ಇಲ್ಲ," ಎಂದ. ಸೌಮ್ಯಳ ಕಣ್ಣಲ್ಲಿ ನೀರು ಬಂತು.

"ಯಾಕ್ ಬುಡ್ಬೇಕು?" ಎಂದಳು ದೊಡ್ಡಲಕ್ಷ್ಮಮ್ಮ. ದನಿ ಎತ್ತರಿಸಿರಲಿಲ್ಲ, ಆದರೆ ಎಲ್ಲರೂ ತಿರುಗಿದರು. "ಬನ್ರಿ ಈ ಕಡೆ. ಎಂಟೂ ಬ್ಯಾಗು ಬಿಚ್ಚಿ."

ಕಂಬದ ಪಕ್ಕ, ದಾರಿಗೆ ಅಡ್ಡವಾಗದ ಜಾಗದಲ್ಲಿ ಶಾಲು ಹಾಸಿದಳು. ಎಂಟು ಬ್ಯಾಗಿನ ಬಾಯಿ ತೆರೆಯಿತು. ಕೆಂಚಮ್ಮನ ಬ್ಯಾಗಿನಿಂದ ಐದು ಕೆಜಿ ರಾಗಿ ಹಿಟ್ಟು ಹೊರಬಂತು.

"ಅಲ್ಲಿ ಮುದ್ದೆ ಸಿಕ್ಕಾಕಿಲ್ಲ ಅಂತ..." ಎಂದು ಕೆಂಚಮ್ಮ ಗೊಣಗಿದಳು.

"ಒಳ್ಳೇದೇ ಮಾಡಿದ್ದೀಯ. ಬತ್ತದೆ ಅದು." ದೊಡ್ಡಲಕ್ಷ್ಮಮ್ಮ ಹಿಟ್ಟಿನ ಚೀಲವನ್ನು ಎತ್ತಿ ತನ್ನ ಬ್ಯಾಗಿನ ತಳಕ್ಕಿಟ್ಟಳು. ಅವಳ ಬ್ಯಾಗು ಒಂಬತ್ತೂವರೆ ಕೆಜಿ ಇತ್ತು. ಹಿಟ್ಟಿಗೆಂದೇ ಅಳೆದಂತೆ ಜಾಗ. "ಸೌಮ್ಯಾ, ಎರಡು ಸ್ವೆಟರ್ರೂ ಈಗ್ಲೇ ಹಾಕ್ಕ. ದಪ್ಪ ಶೂ ಕಾಲಿಗೆ, ಚಪ್ಲಿ ಬ್ಯಾಗಿಗೆ. ಮೂರು ಜನ ಮೂರು ಶಾಂಪೂ ಬಾಟ್ಲಿ ತಂದಿದ್ದೀರಲ್ಲ, ಒಂದು ಇರ್ಲಿ ಸಾಕು. ಇಸ್ಮತ್, ಆ ಕೊಬ್ಬರಿ ಇತ್ತಗೆ ಕೊಡು."

ಒಂದು ಗಿಟುಕು ಕೊಬ್ಬರಿಯನ್ನು ಮುರಿದು ಎಲ್ಲರೂ ಅಲ್ಲೇ ಬಾಯಿಗೆ ಹಾಕಿಕೊಂಡರು. ಉಳಿದಿದ್ದು ನೆಲ ಒರೆಸುತ್ತಿದ್ದ ಹೆಂಗಸಿನ ಸೆರಗಿಗೆ ಹೋಯಿತು. ಬಟ್ಟೆಗಳು ಬೇರೆ ಬೇರೆ ಮಾಲೀಕರನ್ನು ಮರೆತು ಸುರುಳಿಗಳಾದವು. ಶೂಗಳ ಹೊಟ್ಟೆಗೆ ಕಾಲುಚೀಲ ಸೇರಿದವು, ಪಾತ್ರೆಯ ಹೊಟ್ಟೆಗೆ ಚಟ್ನಿಪುಡಿ. ಸ್ವೆಟರಿನ ಮೇಲೆ ಸ್ವೆಟರು ತೊಟ್ಟು ಎಂಟು ಜನ ಬೆವರುತ್ತ ನಿಂತಿದ್ದರು. ಸಾಲಿನಲ್ಲಿದ್ದವರು ಮೊಬೈಲು ಕೆಳಗಿಟ್ಟು ಇವರನ್ನೇ ನೋಡುತ್ತಿದ್ದರು. ದೊಡ್ಡಲಕ್ಷ್ಮಮ್ಮನಿಗೆ ಅದೊಂದೂ ಕಾಣಲಿಲ್ಲ. ಒಂದೊಂದು ಬ್ಯಾಗಿನ ಹಿಡಿ ಎತ್ತಿ, ಕ್ಷಣ ತಡೆದು, ಇಳಿಸುತ್ತಿದ್ದಳು. "ಇದು ಹದಿನಾಕೂವರೆ. ಇದಕ್ಕೆ ಒಂದು ಟವಲ್ ಇಡಿಸ್ತದೆ. ಇದು ಒಸಿ ಜಾಸ್ತಿಯಾಯ್ತು, ಎಣ್ಣೆ ಬಾಟ್ಲಿ ತೆಗಿ."

ಮತ್ತೆ ಕೌಂಟರಿಗೆ ಹೋದರು. ಮೊದಲನೆಯ ಬ್ಯಾಗು ಹದಿನಾಲ್ಕು ಪಾಯಿಂಟ್ ಆರು. ಎರಡನೆಯದು ಹದಿನಾಲ್ಕು ಪಾಯಿಂಟ್ ಒಂಬತ್ತು. ಮೂರು, ನಾಲ್ಕು, ಐದು. ಪ್ರತಿ ಸಲ ಅಂಕಿ ನಿಂತಾಗ ಹೆಂಗಸರು ಉಸಿರು ಬಿಡುತ್ತಿದ್ದರು. ಕೊನೆಯದು ಕೆಂಚಮ್ಮನದು, ಸರಿಯಾಗಿ ಹದಿನೈದಕ್ಕೆ ನಿಂತಾಗ ಇಸ್ಮತ್ ಜೋರಾಗಿ ಚಪ್ಪಾಳೆ ಹೊಡೆದಳು. ಸಾಲಿನಲ್ಲಿದ್ದ ಅಪರಿಚಿತರೂ ಹೊಡೆದರು.

"ಅಮ್ಮಾ, ನೀವು ಎಲ್ಲಿ ಕೆಲಸ ಮಾಡೋದು?" ಎಂದು ಕೌಂಟರಿನ ಹುಡುಗಿ ನಗುತ್ತ ಕೇಳಿದಳು.

"ಚನ್ನಪಟ್ಣದಾಗೆ. ಬೊಂಬೆ ಪ್ಯಾಕಿಂಗು," ಎಂದಳು ದೊಡ್ಡಲಕ್ಷ್ಮಮ್ಮ. ಆ ಮಾತನ್ನು ಅಷ್ಟು ಎದೆಯುಬ್ಬಿಸಿ ಅವಳು ಹಿಂದೆಂದೂ ಹೇಳಿರಲಿಲ್ಲ. ದೇವರಾಜ ಅವಳ ಕೈಬ್ಯಾಗನ್ನು ತಾನೇ ಹೊತ್ತುಕೊಂಡ.

ಶಿಮ್ಲಾದ ಹೋಟೆಲಿನಲ್ಲಿ ಆ ರಾತ್ರಿ ಉಳಿದವರು ಊಟಕ್ಕೆ ಇಳಿದಾಗ ಅವಳು ರೂಮಿನಲ್ಲೇ ಉಳಿದು ಬ್ಯಾಗು ಬಿಚ್ಚಿದಳು. ಸೀರೆಗಳನ್ನು ಒಂದೊಂದಾಗಿ ತೆಗೆದು ಅಲ್ಲಿಯ ಬೀರುವಿನಲ್ಲಿ ಜೋಡಿಸಿದಳು. ಆರು ದಿನಕ್ಕೆ ಈ ಬೀರು ತನ್ನದು. ಬಾಗಿಲು ಹಾಕಿ, ಇನ್ನೊಮ್ಮೆ ತೆಗೆದು ನೋಡಿ, ಕೆಳಗಿಳಿದಳು.

ಮಾರನೆಯ ದಿನ ಶಿಮ್ಲಾದ ಆಚೆಯ ನಾರ್ಕಂಡದಲ್ಲಿ ಹಿಮ ಮೊಳಕಾಲು ಮುಳುಗುವಷ್ಟಿತ್ತು. ಅದು ಸದ್ದು ಮಾಡುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಾಲಿಟ್ಟಾಗ ಕರಿದ ಹಪ್ಪಳ ಮುರಿದಂತೆ ಕರಕರ ಅಂದಿತು. ಮರದ ಜಾರುಬಂಡಿಯಲ್ಲಿ ಕೂರಲು ಉಳಿದವರು ಹಿಂದೆಮುಂದೆ ನೋಡುತ್ತಿರುವಾಗ ಅವಳು ಸೀರೆ ಎತ್ತಿ ಕಟ್ಟಿ, ಹೋಗಿ ಕೂತೇಬಿಟ್ಟಳು. ಇಳಿಜಾರಿನಲ್ಲಿ ಬಂಡಿ ಕಿತ್ತುಕೊಂಡು ಹೊರಟಾಗ ಅವಳ ಬಾಯಿಂದ ಹೊರಟ ಕೂಗು ದೇವದಾರು ಮರಗಳಿಗೆ ಬಡಿದು ವಾಪಸ್ಸು ಬಂತು. ಕೆಳಗೆ ಮುಗುಚಿಕೊಂಡು, ಮೂಗು ಬಾಯಿಗೆಲ್ಲ ಹಿಮ ಮೆತ್ತಿಸಿಕೊಂಡು ಎದ್ದವಳು ಮೊದಲು ಹೇಳಿದ್ದು, "ಇನ್ನೊಂದ್ಸಲ!"

ವಿಡಿಯೋ ಕಾಲಿನಲ್ಲಿ ವೆಂಕಟಯ್ಯ ಕಾಣಿಸಿದ. ಜ್ವರ ಬಿಟ್ಟಿತ್ತು. "ಎಂಗೈತೆ ಅಮ್ಮೀ?" ಎಂದ. ಅವಳು ಫೋನನ್ನು ಸುತ್ತಲೂ ತಿರುಗಿಸಿದಳು. ಬೆಳ್ಳಗಿನ ಬೆಟ್ಟಗಳೆಲ್ಲ ಸುತ್ತಿ ಬಂದ ಮೇಲೆ, "ನೋಡ್ದ್ರಾ? ಇದ್ಯಾವ್ದೂ ಸುಳ್ಳಲ್ಲ, ನಿಜವಾಗ್ಲೂ ಐತೆ," ಎಂದಳು.

ಅವರು ಊರಿಗೆ ಮರಳುವ ಮೊದಲೇ ವಿಮಾನ ನಿಲ್ದಾಣದ ಕತೆ ಚನ್ನಪಟ್ಟಣ ಮುಟ್ಟಿತ್ತು. ಈಗ ದೇವರಾಜ ಟೂರ್ ಹೊರಡುವ ಪ್ರತಿ ಗುಂಪಿನವರನ್ನೂ ಒಂದು ಭಾನುವಾರ ಅವಳ ಮನೆಗೆ ಕಳಿಸುತ್ತಾನೆ. ಉಮ್ರಾ ಯಾತ್ರೆಗೆ ಹೊರಟ ಇಸ್ಮತ್‌ಳ ಅಕ್ಕ ಅಸ್ರಾ ಬ್ಯಾಗು ಹೊತ್ತುಕೊಂಡೇ ಬಂದಿದ್ದಳು. ಮೊನ್ನೆ ಹಾರೋಹಳ್ಳಿಯಿಂದ ಗುರುತಿಲ್ಲದ ಹೆಂಗಸೊಬ್ಬಳು ಫೋನ್ ಮಾಡಿ, ಕಾಶಿಗೆ ಹತ್ತು ದಿನ, ಬ್ಯಾಗು ಮುಚ್ಚುತ್ತಿಲ್ಲ ಎಂದು ಗೋಳಾಡಿದಳು.

"ಸೀರೆ ಎಷ್ಟು ಮಡಿಗಿದ್ದೀಯ?"

"ಒಂಬತ್ತು ಅಕ್ಕಾ."

"ಐದು ತೆಗ್ದು ಆಮೇಲೆ ಫೋನ್ ಮಾಡು."

ಅದಾದ ಸೋಮವಾರ ಅವಳು ಹನುಮಂತಯ್ಯನವರ ಮುಂದೆ ಹೋಗಿ ನಿಂತು ರಜಾ ಚೀಟಿ ಕೊಟ್ಟಳು. ಕನ್ನಡಕ ಸರಿಪಡಿಸಿಕೊಂಡು ಓದಿದ ಅವರು ಹುಬ್ಬೇರಿಸಿದರು. "ಡಿಸೆಂಬರಲ್ಲಾ? ಕ್ರಿಸ್ಮಸ್ ಆರ್ಡರ್ ಇರ್ತದಲ್ಲಮ್ಮ."

"ಹತ್ತನೇ ತಾರೀಕೊಳಗೆ ಅಷ್ಟೂ ಡಬ್ಬ ಕಟ್ಟಿಕೊಡ್ತೀನಿ. ಹನ್ನೊಂದಕ್ಕೆ ನಾನೂ ನಮ್ಮನೆಯವ್ರೂ ಅಂಡಮಾನ್‌ಗೆ ಓಯ್ತೀವಿ."

ಅವಳು ಕೇಳಲು ಬಂದಿರಲಿಲ್ಲ, ತಿಳಿಸಲು ಬಂದಿದ್ದಳು. ಹನುಮಂತಯ್ಯ ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು.