ಕೈಗೆಟುಕದ ಸ್ಟಾರ್ಟರ್

ಮುಗಳಖೋಡದ ಹತ್ತಿರ ನಮ್ಮ ಕಬ್ಬಿನ ಹೊಲದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಮಾವ ನನ್ನ ತಲೆಗಿಂತ ಒಂದು ಮೊಳ ಮೇಲೆ ಹೊಡೆಸಿದ್ದರು. ಬೇಕಂತಲೇ. "ಹೆಂಗಸರ ಕೈಗೆ ಹತ್ತಬಾರ್ದು ನೋಡಪಾ" ಎಂದು ಅವರು ವೈರ್‌ಮನ್‌ಗೆ ಹೇಳಿದ್ದನ್ನು ಈ ಕಿವಿಯಿಂದಲೇ ಕೇಳಿದ್ದೆ. ಹೊರಗಾದವಳು ಮುಟ್ಟಿದರೆ ಮೋಟಾರಿನ ಕಾಯಿಲ್ ಸುಡುತ್ತದೆ ಅನ್ನುವುದು ಆ ಮನೆಯ ನಂಬಿಕೆ. ಯಾವಳು ಯಾವ ದಿನ ಹೊರಗಿದ್ದಾಳೆ ಅಂತ ಯಾರು ನೆನಪಿಡಬೇಕು? ಅದಕ್ಕೇ ಯಾವಳೂ ಮುಟ್ಟುವುದೇ ಬೇಡ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ದಿನವಿಡೀ ನೀರು ಹಾಯಿಸುವುದಕ್ಕೆ ಮಾತ್ರ ನಮ್ಮ ಕೈಗೆ ಯಾವ ಮೈಲಿಗೆಯೂ ಇರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ತ್ರೀ ಫೇಜ್ ಕರೆಂಟು ತನಗೆ ತಿಳಿದಾಗ ಬಂದು ಹೋಗುತ್ತಿತ್ತು. ಬಂದಾಗ ಗುಂಡಿ ಒತ್ತಲು ಗಂಡಸೇ ಬೇಕು. ನನ್ನ ಗಂಡ ನಿಪ್ಪಾಣಿಯಲ್ಲಿ ನೌಕರಿಗಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಮೈದುನನಿಗೆ ರಾಯಬಾಗದ ಚಹಾದಂಗಡಿ ಬಿಟ್ಟು ಏಳಲು ಮನಸ್ಸಿಲ್ಲ. ಅವನೊಂದು ಉಪಾಯ ಹೂಡಿದ. ಸ್ಟಾರ್ಟರಿನ ಮುಚ್ಚಳ ತೆಗೆದು, ಒತ್ತಿದ್ದು ಒತ್ತಿದಂತೆಯೇ ಇರಲಿ ಎಂದು ಒಳಗೆ ಕಟ್ಟಿಗೆ ಚೂರು ಸಿಗಿಸಿಟ್ಟ. ಕರೆಂಟು ಬಂದರೆ ಮೋಟಾರು ತಾನೇ ಶುರುವಾಗಬೇಕು. ಸುತ್ತಲಿನ ಅರ್ಧ ಗಂಡಸರು ಹೀಗೇ ಮಾಡುತ್ತಿದ್ದರು. ಅವರಿಗೆ ಹೆಂಗಸಿನ ಕೈಗಿಂತ ಕಟ್ಟಿಗೆಯೇ ಮಡಿ.

ಒಂದು ಮಧ್ಯಾಹ್ನ ಮೂರರ ಬದಲು ಎರಡೇ ಫೇಜ್ ಬಂತು. ನೀರಿಲ್ಲ, ಮೋಟಾರು ಗುಂಯ್ ಎಂದು ನರಳುತ್ತಿದೆ, ಸುಟ್ಟ ವಾಸನೆ ನಾನಿದ್ದ ಹೊಲದ ಆ ತುದಿಗೂ ಬಂತು. ಓಡಿದೆ. ಕಲ್ಲೊಂದನ್ನು ಉರುಳಿಸಿಕೊಂಡು ಮೇಲೆ ಹತ್ತಿ ನಿಲ್ಲಿಸುವ ಕೆಂಪು ಗುಂಡಿ ಒತ್ತಿದೆ. ಕಟ್ಟಿಗೆ ಹಿಡಿದುಕೊಂಡಿದ್ದರಿಂದ ನಿಲ್ಲಲಿಲ್ಲ. ಅದನ್ನು ಕಿತ್ತೆಸೆದ ಮೇಲೆ ನಿಂತಿತು. ಅಷ್ಟರಲ್ಲಿ ಕಾಯಿಲ್ ಸುಟ್ಟುಹೋಗಿತ್ತು. ಬುತ್ತಿ ತಂದ ಅತ್ತೆಗೆ ಕಂಡದ್ದು ಕಲ್ಲಿನ ಮೇಲೆ ನಿಂತ ನಾನು ಮಾತ್ರ.

"ಹೊರಗಾದಾಕಿ ಹೋಗಿ ಮುಟ್ಟ್ಯಾಳ, ಮೋಟಾರ್ ಸುಟ್ಟಾಳ!"

ಆ ದಿನ ನಾನು ಹೊರಗೂ ಇರಲಿಲ್ಲ. ಕೇಳುವವರು ಯಾರು? ಮೈದುನ ಬಂದ, ಬಿದ್ದಿದ್ದ ಕಟ್ಟಿಗೆ ಚೂರನ್ನು ನೋಡಿದ, ತುಟಿ ಪಿಟಕ್ಕೆನ್ನಲಿಲ್ಲ. ನನ್ನ ಹೊಟ್ಟೆ ಉರಿದದ್ದು ಅತ್ತೆಯ ಮಾತಿಗಲ್ಲ, ಅವನ ಮೌನಕ್ಕೆ. ಸುಟ್ಟದ್ದು ಕಟ್ಟಿಗೆಯಿಂದ ಎಂದು ನಾನು ಬಾಯಿ ಬಡಿದುಕೊಂಡರೂ ಯಾರೂ ನಂಬಲಿಲ್ಲ. ಓಣಿಯ ಹೆಂಗಸರು ನನ್ನನ್ನು ಕಂಡರೆ ಸರಿದು ನಡೆಯತೊಡಗಿದರು. ರಿವೈಂಡಿಂಗ್ ಮುಗಿಸಿ ಮೋಟಾರು ಕೂಡಿಸಲು ಬಂದವನು ಮೈದುನನನ್ನು ಪಕ್ಕಕ್ಕೆ ಕರೆದು, "ಇನ್ನ ಕಟ್ಟಿಗಿ ಸಿಗಸಬ್ಯಾಡ" ಎಂದದ್ದು ನನ್ನ ಕಿವಿಗೂ ಬಿತ್ತು. ಮೈದುನ ತಲೆಯಾಡಿಸಿದ, ಮನೆಯಲ್ಲಿ ಹೇಳಲಿಲ್ಲ. ಇವನನ್ನು ಬಿಡುವುದಿಲ್ಲ ಎಂದು ನಾನು ಅಂದೇ ಹಲ್ಲು ಕಚ್ಚಿದೆ.

ಮುಂದಿನ ತಿಂಗಳು ಓಣಿಯ ಗಂಡಸರೆಲ್ಲ ಮದುವೆಗೆಂದು ಅಥಣಿಗೆ ಹೋದರು. ಹೊಸ ನಾಟಿಯ ಕಬ್ಬು ನೀರಿಲ್ಲದೆ ಎಲೆ ಸುರುಳಿ ಸುತ್ತಿಕೊಂಡಿತ್ತು. ಹತ್ತು ಗಂಟೆಗೆ ಕರೆಂಟು ಬಂತು, ಮೂರೂ ಫೇಜ್. ಹತ್ತಲು ಕಲ್ಲು ಅಲ್ಲೇ ಇತ್ತು. ನಾನು ಪಂಪಿನ ಮನೆಯ ಹೊಸ್ತಿಲಲ್ಲಿ ಕೂತು ಶೇಂಗಾ ಸುಲಿದೆ. ಮೂರಕ್ಕೆ ಕರೆಂಟು ಹೋಯಿತು. ಅಷ್ಟು ಖುಷಿಯ ದಿನ ಆ ಮನೆಯಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ.

ಸಂಜೆ ಮದುವೆಯಿಂದ ಮರಳಿ ಕಟ್ಟೆಯ ಮೇಲೆ ಮೈದುನ, ನೆರೆಯವರೊಂದಿಗೆ ಕೂತಿದ್ದ ಮಾವ ಕೇಳಿದರು. "ಕರೆಂಟ್ ಬಂದಿತ್ತೇನವಾ?"

"ಬಂದಿತ್ರಿ. ಐದ್ ತಾಸ್ ಇತ್ರಿ."

"ಮತ್ತ?"

"ನಾ ಮುಟ್ಟಿದ್ರ ಸುಡತೈತಲ್ರಿ."

ಮರುದಿನ ಬೀಗರ ಊಟ, ಅವರೆಲ್ಲ ಮತ್ತೆ ಹೋಗಲೇಬೇಕು. ಇನ್ನೊಂದು ದಿನ ನೀರು ತಪ್ಪಿದರೆ ನಾಟಿ ಉಳಿಯುವುದಿಲ್ಲ. ಮಾವ, "ನಾಳಿ ನೀನ ಚಾಲೂ ಮಾಡವಾ" ಎಂದರು. ಒಳಗಿನಿಂದ ಬರುತ್ತಿದ್ದ ಅತ್ತೆ ಅದನ್ನು ಕೇಳಿ ಬಾಗಿಲಲ್ಲೇ ನಿಂತಳು.

"ಮಾಡತೀನ್ರಿ ಮಾವಾರ. ಮೊದಲ ಮೋಟಾರ್ ಯಾರ್ ಸುಟ್ರು ಅಂತ ಇವರೆಲ್ಲಾರ ಮುಂದ ಹೇಳಸ್ರಿ."

ನಾನು ನೋಡಿದ ಕಡೆಗೆ ಎಲ್ಲರೂ ನೋಡಿದರು. ಮೈದುನ ಮೊದಲು ನಗಲು ನೋಡಿದ, ಆಗಲಿಲ್ಲ. ಕೊನೆಗೆ ನೆಲ ನೋಡುತ್ತ ಗೊಣಗಿದ, "ಕಟ್ಟಿಗಿ ನಾನ ಸಿಗಸಿದ್ದೆ, ವೈನಿ. ಅದಕ್ಕ ಸುಟ್ಟೈತಿ."

ನನಗೆ ಒಂದೊಂದು ಅಕ್ಷರವೂ ಕೇಳಿಸಿತ್ತು.

"ಕೇಳಸಲಿಲ್ಲಪಾ" ಎಂದೆ. "ಇನ್ನೊಮ್ಮಿ. ಜೋರಾಗಿ."