ಅತ್ತೆಯ ಒಂಟಿ ಸೀನು

ಅತ್ತೆಯ ಮೂಗಿನ ತುದಿ ಸದಾ ಕೆಂಪಗಿರುತ್ತಿತ್ತು. ಮೂಗುಬೊಟ್ಟಿನ ಕಲ್ಲಿಗಿಂತ ಮೂಗೇ ಹೆಚ್ಚು ಹೊಳೆಯುತ್ತದೆ ಎಂದು ಮಾವ ಗೇಲಿ ಮಾಡುತ್ತಿದ್ದರು. ಅವಳ ಎಡಗೈ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಸೆರಗಿನ ತುದಿಯನ್ನು ಹಿಡಿದು, ದೀಪಕ್ಕೆ ಬತ್ತಿ ಹೊಸೆದಂತೆ ಹೊಸೆಯುತ್ತಲೇ ಇರುತ್ತಿದ್ದವು. ಯಾರ ಮನೆಗೆ ಹೋದರೂ ಪೂರ್ತಿ ಕೂರುತ್ತಿರಲಿಲ್ಲ. ಒಂದು ಮಂಡಿ ಮಡಚಿ, ಇನ್ನೊಂದನ್ನು ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತೆನ್ನುವವರ ಹಾಗೆ ಕೂರುತ್ತಿದ್ದಳು. ಅವಳ ಪಕ್ಕ ಸ್ವಲ್ಪ ಹೊತ್ತಿದ್ದರೆ ನಮಗೂ ಎದ್ದು ಎಲ್ಲಿಗಾದರೂ ಹೋಗಬೇಕು ಅನಿಸುತ್ತಿತ್ತು.

ಅವಳು ನನ್ನ ಅಪ್ಪನ ಅಕ್ಕ. ತವರು ಕುರುಗೋಡು, ಕೊಟ್ಟ ಮನೆ ಸಿರುಗುಪ್ಪ. ಆದರೆ ವಾಸ ಬಸ್ಸಿನಲ್ಲಿ ಎಂದರೂ ತಪ್ಪಿಲ್ಲ. ಇವತ್ತು ಮೋಕದಲ್ಲಿ ಸೀಮಂತ, ನಾಳೆ ಬಳ್ಳಾರಿಯಲ್ಲಿ ನಾಮಕರಣ, ನಾಡಿದ್ದು ಹಚ್ಚೊಳ್ಳಿಯಲ್ಲಿ ಯಾರಿಗೋ ಮೈಯಲ್ಲಿ ಹುಷಾರಿಲ್ಲ. ಬಸ್ಸಿನ ಪಾಸು ಕೈಗೆ ಬಂದ ಮೇಲಂತೂ ಅವಳನ್ನು ಹಿಡಿಯುವವರೇ ಇರಲಿಲ್ಲ.

ನಾನು ಪ್ರೇಮ ಕಾದಂಬರಿ ಬರೆಯುವವಳು. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಆಮೇಲೆ ಪುಸ್ತಕವಾಗುವಂಥವು. ಸಭೆಗಳಲ್ಲಿ ಯಾರಾದರೂ ಎದ್ದು ನಿಂತು, "ಮೇಡಂ, ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ?" ಎಂದು ಕೇಳುತ್ತಾರೆ. ಮಳೆ, ಬೆಳದಿಂಗಳು ಎಂದು ಏನೋ ಹೇಳಿ ಪಾರಾಗುತ್ತೇನೆ. ಮಳೆಯ ಸ್ಫೂರ್ತಿಗೆ ಕಾದಿದ್ದರೆ ನಮ್ಮ ಬಳ್ಳಾರಿ ಬಿಸಿಲಿಗೆ ನಾನು ಇಷ್ಟು ಹೊತ್ತಿಗೆ ಹಪ್ಪಳವಾಗಿರುತ್ತಿದ್ದೆ. ನಿಜ ಹೇಳಬೇಕೆಂದರೆ ಸ್ಫೂರ್ತಿ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು, ಕೈಯಲ್ಲಿ ಒಂದು ವೈರ್ ಬುಟ್ಟಿ ಹಿಡಿದುಕೊಂಡು.

ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರವಾದರೂ ಅತ್ತೆಗೆ ಮೊದಲು ಹೇಳಿಕಳಿಸುತ್ತಿದ್ದರು. ಹುಡುಗಿಯ ಪಕ್ಕ ಕೂರಲಿಕ್ಕೆ ಒಬ್ಬ ಮುತ್ತೈದೆ ಬೇಕಲ್ಲ. ಅತ್ತೆ ಲಕ್ಷಣವಂತೆ, ಮಾತುಗಾರ್ತಿ, ಗಂಡನಿಗೆ ಬೇಕಾದವಳು. ಅವಳು ಪಕ್ಕ ಕೂತರೆ ಹುಡುಗಿಗೆ ಧೈರ್ಯ ಎಂದು ಎಲ್ಲರೂ ನಂಬಿದ್ದರು. ಧೈರ್ಯ ಬರುತ್ತಿದ್ದದ್ದು ನಿಜವೇ. ಆದರೆ ಯಾತಕ್ಕೆ ಎಂಬುದು ಹುಡುಗಿಯರಿಗೆ ಮಾತ್ರ ಗೊತ್ತಿತ್ತು.

ಒಳಗೆ ಜಡೆ ಹೆಣೆಯುವಾಗ ಅತ್ತೆ ಹುಡುಗಿಯ ಕಿವಿಯಲ್ಲಿ ಹೇಳುತ್ತಿದ್ದಳು: "ಹುಡುಗ ಮನಸ್ಸಿಗಿ ಬಂದ್ರ ಸುಮ್ನ ಕುಂದ್ರು. ಬರಲಿಲ್ಲ ಅಂದ್ರ ಹಗೂರಕ ನನ್ನ ಮಂಡಿ ಮುಟ್ಟು. ಮುಂದಿಂದು ನನಗ ಬಿಡು."

ಮಂಡಿಗೆ ಬೆರಳು ತಾಗಿತೋ, ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುವಂತೆ ಮಾಡಿ, ಹೊಸೆದ ತುದಿಯನ್ನು ಮೂಗಿಗೆ ಏರಿಸುತ್ತಿದ್ದಳು. ಒಂದೇ ಒಂದು ಸೀನು. ಎಲೆ-ಅಡಿಕೆ ತಟ್ಟೆ ಎತ್ತಿದ ಕೈ ಅಲ್ಲೇ ನಿಲ್ಲುತ್ತಿತ್ತು. ಶುಭಕಾರ್ಯದ ನಡುವೆ ಒಂಟಿ ಸೀನು ಬಿದ್ದ ಮೇಲೆ ಯಾರು ಮುಂದುವರಿಸುತ್ತಾರೆ? "ಇನ್ನೊಂದಿನ ನೋಡೂಣು ಬಿಡ್ರಿ" ಎಂದು ಹಿರಿಯರು ಎದ್ದು ಚಪ್ಪಲಿ ಹುಡುಕುತ್ತಿದ್ದರು. ಆ ಇನ್ನೊಂದು ದಿನ ಬರುತ್ತಿರಲಿಲ್ಲ. ಅತ್ತೆ ಮಾತ್ರ ಎಲ್ಲರಿಗಿಂತ ಹೆಚ್ಚು ಪೇಚಾಡುತ್ತಿದ್ದಳು: "ಸುಡ್ಲಿ ಈ ಮೂಗು, ಧೂಳು ತಡಿಯಂಗಿಲ್ಲ ನೋಡ್ರಿ!"

ಹಚ್ಚೊಳ್ಳಿಯ ಒಬ್ಬ ಹುಡುಗಿ ಕಾಲುವೆಗೆ ಬಟ್ಟೆ ಒಗೆಯಲು ಹೋಗಿ, ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದಳಂತೆ. ಪಕ್ಕದ ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸುವವನು ಉತ್ತ ಗದ್ದೆಯನ್ನೇ ಮತ್ತೆ ಉಳುತ್ತಿದ್ದನಂತೆ. ಅವಳನ್ನು ನೋಡಲು ಬಂದ ವರನಿಗೆ ಅತ್ತೆಯ ಸೀನು ಬಿತ್ತು. ವರ್ಷದೊಳಗೆ ಟ್ರ್ಯಾಕ್ಟರಿನವನ ಜೊತೆಗೇ ಮದುವೆಯಾಯಿತು. ಆ ಮದುವೆಯಲ್ಲಿ ಅತ್ತೆ ಕೂರದೆ ಬಡಿಸಿದಳು. ಈ ಕಥೆಯನ್ನು ಅವಳು ನಮ್ಮ ಪಡಸಾಲೆಯಲ್ಲಿ ನಿಂತೇ, ನನ್ನೊಬ್ಬಳಿಗೇ ಹೇಳಿದಾಗ ನಾನು ಪಿಯುಸಿ ಓದುತ್ತಿದ್ದೆ. ನಾಳೆಯ ಪರೀಕ್ಷೆ ಮರೆತು, ಆ ಹುಡುಗಿ ಮೊದಲ ದಿನ ಏನು ನೆಪ ಹೇಳಿ ಮನೆಯಿಂದ ಹೊರಟಿರಬಹುದು ಎಂದು ಯೋಚಿಸುತ್ತಾ ಕೂತೆ. ಪರೀಕ್ಷೆ ಹೋಯಿತು, ಯೋಚನೆ ಉಳಿಯಿತು.

"ಪ್ಯಾಟ್ಯಾಗ ಪ್ರೀತಿ ಮಾಡೋದು ಏನು ದೊಡ್ಡದು? ಯಾರು ನೋಡ್ತಾರ?" ಎನ್ನುತ್ತಿದ್ದಳು ಅತ್ತೆ. "ಊರು ಸಣ್ಣದಿದ್ದಷ್ಟು ಪ್ರೀತಿಗಿ ಬುದ್ಧಿ ಜಾಸ್ತಿ ಬೇಕು." ಬೆಂಗಳೂರಿನ ಕಾಫಿ ಅಂಗಡಿಯಲ್ಲಿ ನಡೆಯುವಂಥ ಕಥೆ ಕೊಡಿ ಎಂದು ಸಂಪಾದಕರು ಎಷ್ಟೋ ಸಲ ಕೇಳಿದ್ದಾರೆ. ನನ್ನ ನಾಯಕಿಯರು ಮಾತ್ರ ಸಿರುಗುಪ್ಪದ ಬಸ್‌ಸ್ಟ್ಯಾಂಡ್ ಬಿಟ್ಟು ಕದಲುವುದಿಲ್ಲ. ಎಲ್ಲರ ಕಣ್ಣು ತಪ್ಪಿಸಿ ಒಂದು ಮಾತಾಡುವುದಕ್ಕೆ ಅವರಿಗೆ ಅರ್ಧ ಕಾದಂಬರಿ ಬೇಕಾಗುತ್ತದೆ.

ಆಮೇಲೆ ನನ್ನ ಸರದಿ ಬಂತು. ಡಿಗ್ರಿ ಮುಗಿದಿತ್ತು, ಮೊದಲ ಕಥೆ ಅಚ್ಚಾಗಿತ್ತು. ಬಳ್ಳಾರಿಯ ಬ್ರೂಸ್‌ಪೇಟೆಯ ಬಟ್ಟೆ ವ್ಯಾಪಾರದ ಮನೆತನದವರು ಕುರುಗೋಡಿಗೆ ನನ್ನನ್ನು ನೋಡಲು ಬಂದರು. ಅಂಥ ಸಂಬಂಧ ತಾನಾಗಿ ಬಾಗಿಲಿಗೆ ಬಂದಿದೆ ಎಂದು ಅಪ್ಪ ಬೆಳಗಿನಿಂದ ನೆಲದ ಮೇಲೆ ಕಾಲಿಟ್ಟಿರಲಿಲ್ಲ. ಹುಡುಗ ಕೆಟ್ಟವನೇನಲ್ಲ. ತಲೆ ತಗ್ಗಿಸಿ ಉಪ್ಪಿಟ್ಟು ತಿನ್ನುತ್ತಿದ್ದ. ಮಾತೆಲ್ಲ ಅವನ ಅಜ್ಜಿಯದು.

"ಏನೋ ಬರಿತಾಳಂತಲ್ಲ?" ಎಂದಳು ಅಜ್ಜಿ. ನಾನು ಹೂಂ ಎನ್ನುವ ಮೊದಲೇ, "ಇರ್ಲಿ ಬಿಡ್ರಿ, ಮದುವಿ ಆದಮ್ಯಾಗ ಅವೆಲ್ಲ ತಾವ ಬಿಡ್ತಾವ" ಎಂದಳು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನಾನು ಅತ್ತೆಯ ಮಂಡಿ ಮುಟ್ಟಿದೆ.

ಅತ್ತೆ ಸೀನಿದಳು. ಅಪ್ಪನ ಮುಖ ಕಪ್ಪಿಟ್ಟಿತು. ಆದರೆ ಅಜ್ಜಿ ಅತ್ತೆಯ ಸೆರಗನ್ನೇ ನೋಡುತ್ತಿದ್ದಳು. ಹಳೇ ಬೆಕ್ಕು, ಇಂಥ ಎಷ್ಟು ಆಟ ಕಂಡಿತ್ತೋ! ತಾನೂ ಸೆರಗಿನ ತುದಿ ಹೊಸೆದು, ಯಾರ ಮುಲಾಜೂ ಇಲ್ಲದೆ ಮೂಗಿಗೆ ತುರುಕಿ, ಗೋಡೆ ಅದುರುವಂತೆ ಸೀನಿದಳು.

"ಜೋಡಿ ಸೀನು! ಶುಭ ಆತು!" ಎಂದು ಅಪ್ಪ ಉಸಿರು ಬಿಟ್ಟು, ಎಲೆ-ಅಡಿಕೆ ತಟ್ಟೆ ತರಲು ಕೂಗಿದ.

ಅತ್ತೆ ಮತ್ತೆ ಮುಖ ಒರೆಸಿಕೊಂಡಳು. ಮತ್ತೊಮ್ಮೆ ಒರೆಸಿಕೊಂಡಳು. ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ. ತಟ್ಟೆ ಬಂತು. ನಾನು ಅವಳ ಮಂಡಿಯ ಮೇಲಿಟ್ಟ ಕೈ ತೆಗೆದಿರಲಿಲ್ಲ. ಅವಳು ಆ ಕೈಯನ್ನು ನೋಡಿದಳು, ಎದ್ದು ನಿಂತಳು.

"ಹುಡುಗಿಗಿ ಮನಸ್ಸಿಲ್ಲರಿ. ತಟ್ಟಿ ಇಡ್ರಿ ಕೆಳಗ."

"ಅದು ನಿಮಗ ಹೆಂಗ ಗೊತ್ತು?" ಎಂದಳು ಅಜ್ಜಿ.

"ನನ್ನ ಮಂಡಿ ಮುಟ್ಟ್ಯಾಳ. ಮುಟ್ಟು ಅಂತ ನಾನ ಹೇಳಿದ್ದೆ."

ಅಲ್ಲಿಗೆ ಎಲ್ಲ ಬಯಲಾಯಿತು. ಸುದ್ದಿ ಮುಂದಿನ ಬಸ್ಸಿಗೇ ಸಿರುಗುಪ್ಪ ಮುಟ್ಟಿತು. ಯಾರ್ಯಾರ ಮನೆಯಲ್ಲಿ ಯಾವ್ಯಾವಾಗ ಅತ್ತೆ ಸೀನಿದ್ದಳು ಎಂದು ಜನ ಬೆರಳು ಮಡಚಿ ಲೆಕ್ಕ ಹಾಕಿದರು. ಮುರಿದ ಸಂಬಂಧಗಳೆಲ್ಲ ಅವಳ ತಲೆಗೆ ಬಂದವು, ಅವಳು ಕಾಲಿಡದ ಮನೆಗಳವೂ ಸೇರಿ. ಆಮೇಲೆ ಯಾವ ಮನೆಯವರೂ ಅವಳನ್ನು ಹುಡುಗಿಯ ಪಕ್ಕ ಕೂರಲು ಕರೆಯಲಿಲ್ಲ. ಸೀಮಂತಕ್ಕೂ ಕರೆ ಕಡಿಮೆಯಾಯಿತು. ತಿರುಗುವುದನ್ನೇ ಉಸಿರಾಡುತ್ತಿದ್ದವಳಿಗೆ ಹೋಗುವುದಕ್ಕೆ ಮನೆಗಳೇ ಇಲ್ಲದಂತಾಯಿತು. ಅಪ್ಪ ಆ ವರ್ಷ ನಾಗರ ಪಂಚಮಿಗೆ ಅಕ್ಕನನ್ನು ಕರೆಯಲಿಲ್ಲ. ನಮ್ಮ ಕಡೆ ಹೆಣ್ಣುಮಗಳಿಗೆ ಪಂಚಮಿಗೆ ತವರಿನ ಕರೆ ಬರದಿದ್ದರೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಹಬ್ಬದ ದಿನ, ಅತ್ತೆಯಿಂದ ನನ್ನ ನಂಬರು ಪಡೆದ ಒಬ್ಬ ಕಂಡಕ್ಟರ್ ಫೋನ್ ಮಾಡಿದ: "ಅಕ್ಕಾರ, ನಿಮ್ಮ ಅತ್ತಿಯವರು ಸ್ಟ್ಯಾಂಡಿನಾಗ ಅದಾರ, ಬರ್ರಿ." ಓಡಿದೆ. ಅತ್ತೆ ಕಲ್ಲುಬೆಂಚು ಖಾಲಿ ಇದ್ದರೂ ನಿಂತುಕೊಂಡಿದ್ದಳು. ಬುಟ್ಟಿಯ ತುಂಬ ಪಂಚಮಿಯ ತಿನಿಸು: ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು.

"ಮನಿಗಿ ಬಾ ಅತ್ತಿ" ಎಂದೆ.

"ನಿಮ್ಮಪ್ಪ ಕರೀದ ನಾ ಮನಿಗಿ ಬರಂಗಿಲ್ಲ" ಎಂದಳು. "ಆದ್ರ ಬಸ್‌ಸ್ಟ್ಯಾಂಡ್ ನಿಮ್ಮಪ್ಪಂದೇನಲ್ಲಲ್ಲ?"

ಉಂಡಿ ನನ್ನ ಕೈಗಿಟ್ಟು ಬಂದ ಬಸ್ಸಿಗೇ ಹತ್ತಿ ಹೋದಳು. ನಾನು ರಸ್ತೆಯಲ್ಲೇ ಅತ್ತುಬಿಟ್ಟೆ. ನನ್ನಿಂದ ಒಬ್ಬಳ ತವರು ಹೋಯಿತಲ್ಲ ಎಂಬ ಸಂಕಟಕ್ಕೆ ಅವತ್ತು ಉಂಡಿ ಬಾಯಿಗೆ ಹಾಕಲಾಗಲಿಲ್ಲ.

ಮರುವರ್ಷವೂ ಅವಳು ಹಾಗೆಯೇ ಬಂದಳು. ಆ ಸಲ ಅಪ್ಪ ನನ್ನ ಹಿಂದೆಯೇ ಬಂದು ಸ್ವಲ್ಪ ದೂರ ನಿಂತ. ಆಮೇಲೆ ಅವಳ ಕೈಯಿಂದ ಬುಟ್ಟಿ ಕಿತ್ತುಕೊಂಡು ಮನೆಯ ಕಡೆ ನಡೆದ. ಅತ್ತೆ ಅವನ ಬೆನ್ನು ನೋಡಿದಳು, ನನ್ನನ್ನು ನೋಡಿದಳು. "ಬುಟ್ಟಿ ನಂದು, ತಗೊಂಬರ್ತೀನಿ" ಎಂದು ಹಿಂದೆ ಹೊರಟಳು.

ಅತ್ತೆಗೆ ತವರು ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ನಾನು ಬಳ್ಳಾರಿಯಲ್ಲಿ ಬಾಡಿಗೆ ಮನೆ ಮಾಡಿ, ಒಂದಾದ ಮೇಲೊಂದು ಕಾದಂಬರಿ ಬರೆಯುತ್ತಾ, ಒಂಟಿಯಾಗಿಯೇ ಉಳಿದೆ. ಅದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಬಂದಾಗಲೆಲ್ಲ ಒಬ್ಬ ಗಂಡಿನ ಸುದ್ದಿ ತರುತ್ತಿದ್ದಳು: ಕಂಪ್ಲಿಯ ಮಾಸ್ತರ, ಆದೋನಿಯ ಹತ್ತಿ ವ್ಯಾಪಾರಿ. "ತೆಲುಗು ಮಾತಾಡ್ತಾನ, ಆದ್ರ ಮನಸ್ಸು ಕನ್ನಡ" ಎಂದು ಶಿಫಾರಸು ಬೇರೆ. ನಾನು ನಕ್ಕು ಬೇಡ ಎನ್ನುತ್ತಿದ್ದೆ. ಒಮ್ಮೊಮ್ಮೆ ರೇಗುತ್ತಲೂ ಇದ್ದೆ. ಅವಳು ಮುಂದಿನ ಗಂಡು ಹುಡುಕಲು ಹೊರಡುತ್ತಿದ್ದಳು.

ಕೊನೆಯ ವರ್ಷ ಆಸ್ಪತ್ರೆಗೆಂದು ಬಂದಾಗಲೆಲ್ಲ ನನ್ನ ಮನೆಯಲ್ಲೇ ಇರುತ್ತಿದ್ದಳು. ಒಂದು ಮಧ್ಯಾಹ್ನ ಗಂಜಿ ಕುಡಿಯುತ್ತಾ ಲೋಟ ಕೆಳಗಿಟ್ಟಳು.

"ಅವತ್ತು ನಾ ಬಾಯಿ ಮುಚ್ಚಿಕೊಂಡು ಕುಂತಿದ್ರ ನಿನಗೊಂದು ಮನಿ, ಮಕ್ಕಳು ಇರ್ತಿದ್ವು. ನಿನ್ನ ಬಾಳೇವು ನಾ ಕೆಡಿಸಿದ್ನೇನವ್ವ?"

"ಇಲ್ಲ ಅತ್ತಿ."

"ಸಮಾಧಾನಕ್ಕ ಅನಬ್ಯಾಡ."

"ನೀ ಯಾಕ ಎಲ್ಲಾ ಹುಡುಗ್ಯಾರಿಗೂ ಹಂಗ ಮಾಡ್ತಿದ್ದಿ, ಅದನ್ನ ಮೊದ್ಲು ಹೇಳು" ಎಂದೆ. ಇಷ್ಟು ವರ್ಷ ನಾನು ಅದನ್ನು ಕೇಳಿರಲೇ ಇಲ್ಲ.

ಅವಳು ಕಿಟಕಿಯ ಕಡೆ ತಿರುಗಿದಳು. "ನಿಮ್ಮ ಮಾವ ಬಂಗಾರದಂಥ ಮನಶ್ಯಾ. ಕೇಳಿದ್ರ ನಾ ಹೂಂ ಅಂತಿದ್ನೇನೋ. ಆದ್ರ ಯಾರೂ ಕೇಳಲಿಲ್ಲಲ್ಲ. ಏನಂತಿದ್ನೋ ಅಂತ ಇವತ್ತಿಗೂ ಯೋಚನಿ ಬರತೈತಿ. ಒಂದ ಕಡಿ ಕುಂದ್ರಾಕ ಬಿಡಂಗಿಲ್ಲ ಅದು."

"ನನಗ ಆ ಯೋಚನಿ ಇಲ್ಲತ್ತಿ" ಎಂದೆ. "ನೀ ಕೇಳಿದಿ. ನಾ ಬ್ಯಾಡ ಅಂದೆ."

ಅವಳು ಲೋಟ ಮತ್ತೆ ಎತ್ತಿಕೊಂಡಳು. ಆಮೇಲೆ ಗಂಜಿ ಪೂರ್ತಿ ಕುಡಿದು, "ಹೊಸಪ್ಯಾಟ್ಯಾಗ ಒಬ್ಬಾವ ಅದಾನ..." ಎಂದು ಶುರು ಮಾಡಿದಳು.

ತಿಂಗಳೊಳಗೆ ತೀರಿಹೋದಳು. ಅಪ್ಪ ಮದುವೆಗೆ ನನ್ನನ್ನು ಕೇಳುವುದನ್ನು ಬಿಟ್ಟು ವರ್ಷಗಳಾದವು, ಉಳಿದವರು ಮರೆತೇಬಿಟ್ಟಿದ್ದಾರೆ. ಬರೆಯುತ್ತಾ ಕೂತಾಗ, ಮಧ್ಯಾಹ್ನದ ಬಸ್ಸಿನ ಹೊತ್ತಿಗೆ, ಯಾರಾದರೂ ಬಂದು ಕೇಳಬಾರದೇ ಅನಿಸುತ್ತದೆ. ಬೇಡ ಎನ್ನುವುದಕ್ಕಾದರೂ.